ಮಗಳಿಗೆ ಐರಿಷ್ ಡ್ಯಾನ್ಸ್ ಕಲಿಯಬೇಕಂತೆ, ಕ್ಲಬ್ಬಿಗೆ ಸೇರಬಹುದಾ? ಅನುಭವ ಇದ್ದವರು ಹೇಳಿ

ಹೊಸಮನೆ_ಒಹಾಯೊ:
ಮಾರ್ಚ್‌ನಲ್ಲಿ ಇಲ್ಲಿನ ಐರಿಷ್ ಹೆರಿಟೇಜ್ ಕ್ಲಬ್ಬಿನ ಮಕ್ಕಳು ಮಗಳ ಶಾಲೆಗೆ ಬಂದು ಕುಣಿದು ಹೋದರು. ಅವತ್ತಿನಿಂದ ಇವಳು ಅಡುಗೆಮನೆ ಟೈಲ್ಸ್ ಮೇಲೆ ಕಾಲು ಬಡಿಯುತ್ತಲೇ ಇದ್ದಾಳೆ. ವಯಸ್ಸು 7. ಶನಿವಾರ ಭರತನಾಟ್ಯ ಇದೆ. ಕ್ಲಬ್ಬಿನಲ್ಲಿ ಮಂಗಳವಾರ ಕ್ಲಾಸ್, ತಿಂಗಳಿಗೊಂದು ಕೇಲಿ (ಎಲ್ಲರೂ ಸೇರಿ ಕುಣಿಯುವ ಕೂಟ), ಮಾರ್ಚಿನ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಪರೇಡ್. ಇಡೀ ಮನೆಗೆ ಸೇರಿ ಸದಸ್ಯತ್ವ ವರ್ಷಕ್ಕೆ 60 ಡಾಲರ್, ಜೊತೆಗೆ 12 ಗಂಟೆ ಕೆಲಸ ಮಾಡಿಕೊಡಬೇಕು. ನಾವು ಸಸ್ಯಾಹಾರಿಗಳು. ಯಜಮಾನರು "ಕನ್ನಡ ಸಂಘಕ್ಕೇ ಈ ವರ್ಷ ಚಂದಾ ಕಟ್ಟಿಲ್ಲ, ಐರಿಷ್ ಸಂಘಕ್ಕೆ ಯಾಕೆ?" ಅಂತಿದ್ದಾರೆ. ಎರಡೂ ಡ್ಯಾನ್ಸ್ ಒಟ್ಟಿಗೆ ನಡೆಯುತ್ತಾ?

ಗಿಲ್ಲಿಅಮ್ಮ:
60 ಡಾಲರ್ ನೋಡಿ ಮರುಳಾಗಬೇಡಿ. ನಾನು 6 ವರ್ಷ ಇದರಲ್ಲಿ ಬೆಂದವಳು. ಒಂದೊಂದು ರಸೀದಿಯೂ ಡಬ್ಬದಲ್ಲಿದೆ.

ಕ್ಲಾಸ್ ತಿಂಗಳಿಗೆ 95. ಗಿಲ್ಲಿ, ಅಂದರೆ ಮೆತ್ತನೆ ಶೂ, 48. ಚರ್ಮ ಹಿಗ್ಗುತ್ತೆ ಅಂತ ಒಂದು ಸೈಜ್ ಚಿಕ್ಕದೇ ಕೊಡಿಸುತ್ತಾರೆ. ಮಗು ಎರಡು ವಾರ ಅಳುತ್ತೆ. ಹಿಗ್ಗಿ ಸರಿಯಾಗುವ ಹೊತ್ತಿಗೆ ಕಾಲೇ ಬೆಳೆದಿರುತ್ತೆ. ಹಾರ್ಡ್ ಶೂ, ಅಂದರೆ ಸದ್ದು ಬರುವ ಗಟ್ಟಿ ತುದಿಯದು, 165. ಕಾಲುಚೀಲ ಜಾರದಂತೆ ಹಚ್ಚುವ ಅಂಟು ಬೇರೆ. ಅದನ್ನು ಬಿಡಿಸುವಾಗ ಬರುವ ಕಿರುಚಾಟಕ್ಕೆ ಬೆಲೆ ಹಾಕಿಲ್ಲ.

ಆಮೇಲೆ ಫೆಶ್, ಅದೇ ಸ್ಪರ್ಧೆ. ಒಂದು ಡ್ಯಾನ್ಸಿಗೆ 12ರಂತೆ ಐದಕ್ಕೆ 60. ಅದರ ಮೇಲೆ ಇಡೀ ಮನೆಗೆ ಅಂತ ಶುಲ್ಕ 30. ಹೋಟೆಲ್ 189. ನಾಲ್ಕೂವರೆ ಗಂಟೆ ಡ್ರೈವ್. ಬೆಳಿಗ್ಗೆ 5ಕ್ಕೆ ಎದ್ದು ಬಾತ್‌ರೂಮಿನಲ್ಲಿ ವಿಗ್ ಹಾಕೋದು. ನನ್ನ ಮಗಳಿಗೆ ಸೊಂಟದವರೆಗೆ ಕೂದಲಿದೆ. ಅದನ್ನು ಗಂಟು ಕಟ್ಟಿ, ಅದರ ಮೇಲೆ 80 ಡಾಲರಿನ ಗುಂಗುರು ವಿಗ್! ನಮ್ಮತ್ತೆ ವಿಡಿಯೋದಲ್ಲಿ ನೋಡಿ "ಹುಡುಗಿಗೆ ತಿರುಪತಿ ಮುಡಿ ಕೊಟ್ಟಿದ್ದೀರಾ?" ಅಂತ ಕೇಳಿದರು. ಇಷ್ಟೆಲ್ಲ ಮಾಡಿ, ಐದೂ ಡ್ಯಾನ್ಸ್ ಸೇರಿ ಅವಳು ಸ್ಟೇಜ್ ಮೇಲೆ ಇದ್ದದ್ದು ಆರು ನಿಮಿಷ.

ಸೋಲೋ ಡ್ರೆಸ್ ಕಥೆ ಹೇಳಿದರೆ ಈಗಲೂ ಹೊಟ್ಟೆ ಉರಿಯುತ್ತೆ. 2100 ಕೊಟ್ಟು ಹೊಲಿಯಲು ಹಾಕಿದೆವು. ಬಂದದ್ದು ಐದು ತಿಂಗಳು ತಡವಾಗಿ. ಅಷ್ಟರಲ್ಲಿ ಅವಳು ಎರಡು ಇಂಚು ಬೆಳೆದಿದ್ದಳು. ಬಿಚ್ಚಿ ಹೊಲಿಸಲು 140. ನವೆಂಬರಿನ ಓರಾಕ್ತಸ್, ಅಂದರೆ ಪ್ರಾದೇಶಿಕ ಸ್ಪರ್ಧೆ, ಅಲ್ಲಿ ಸ್ಟೇಜ್ ಪಕ್ಕ ನಿಂತಾಗ ಜಿಪ್ ಕಿತ್ತಿತು. ಪಿನ್ ಹಾಕಿ ಕಳಿಸಿದೆ. ಎರಡೇ ಸ್ಥಾನದಲ್ಲಿ ಕೊನೆ ಸುತ್ತು ತಪ್ಪಿತು. ಎರಡು! ಕೊನೆಗೆ ಡ್ರೆಸ್ ಮಾರಿದ್ದು 850ಕ್ಕೆ.

ಮೃದಂಗದಪ್ಪ:
ಫೆಶ್ ಅಂದರೆ ಕ್ಲಬ್ ಅಲ್ಲ. ಡ್ರೆಸ್ ಕಥೆ ಹೇಳಿ ಪಾಪ ಅವರನ್ನು ಹೆದರಿಸಬೇಡಿ.

ನಾವು ಡ್ಯಾನ್ಸ್ ಗೊಡವೆಗೇ ಹೋಗಲಿಲ್ಲ. ಮಗನಿಗೆ 12 ಡಾಲರಿನ ಟಿನ್ ವಿಸಲ್ ಕೊಡಿಸಿದೆ, ಅಷ್ಟೇ. ಭಾನುವಾರ ಮಧ್ಯಾಹ್ನ ಕ್ಲಬ್ ಹಾಲಿನಲ್ಲಿ ಸೆಷನ್ ಇರುತ್ತೆ. ಪಿಟೀಲು, ಕೊಳಲು, ಅಕಾರ್ಡಿಯನ್, ಒಂದು ಬೌರಾನ್, ಅಂದರೆ ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯ. ಸ್ಟೇಜ್ ಇಲ್ಲ, ಮೈಕ್ ಇಲ್ಲ, ದುಂಡಗೆ ಕೂತು ನುಡಿಸುತ್ತಾರೆ. ಮೂರು ವರ್ಷದಲ್ಲಿ ಮಗನಿಗೆ 70 ಟ್ಯೂನ್ ಬಾಯಿಪಾಠ.

ನನ್ನದೂ ಒಂದು ಪೆಟ್ಟು ಹೇಳಿಬಿಡುತ್ತೇನೆ. ಎರಡನೇ ವಾರವೇ ಉತ್ಸಾಹದಲ್ಲಿ ಮೃದಂಗ ತಗೊಂಡು ಹೋದೆ. ರೀಲ್ ಅನ್ನೋ ಬಗೆಯ ಟ್ಯೂನ್ ನಾಲ್ಕರ ಲೆಕ್ಕ, ಸಲೀಸು. ಟ್ಯೂನಿನ ಮೊದಲ ಭಾಗ ಎರಡು ಸಲ, ಎರಡನೇ ಭಾಗ ಎರಡು ಸಲ, ಮತ್ತೆ ಮೊದಲಿಂದ. ಮೂರನೇ ಆವರ್ತಕ್ಕೆ ನಾನೊಂದು ಕೋರ್ವೆ (ಮುಕ್ತಾಯಕ್ಕೆ ನುಡಿಸುವ ಲಯದ ಕಟ್ಟು) ಹಾಕಿ ಮುಕ್ತಾಯ ಕೊಟ್ಟೆ. ಎಲ್ಲರೂ ನಿಲ್ಲಿಸಿಬಿಟ್ಟರು. ನಾನು ಚಪ್ಪಾಳೆ ಬರುತ್ತೆ ಅಂದುಕೊಂಡೆ. ಬೌರಾನ್ ಅಜ್ಜ ಎದ್ದು ಹೋಗಿ ನನಗೊಂದು ಕಪ್ ಟೀ ತಂದು ಕೈಗೆ ಕೊಟ್ಟ. ಕೈಯಲ್ಲಿ ಬಿಸಿ ಟೀ ಇದ್ದರೆ ಮೃದಂಗ ಬಾರಿಸಲು ಆಗಲ್ಲ ಅಲ್ವಾ? ಅರ್ಥವಾಯಿತು. ಒಂದು ಹೊತ್ತಿಗೆ ಒಂದೇ ತಾಳವಾದ್ಯ, ಅದೂ ಟ್ಯೂನ್ ಕೆಳಗೆ ತಗ್ಗಿ ನುಡಿಸಬೇಕು.

ಇನ್ನು ಭರತನಾಟ್ಯ ಮಗುವಿಗೆ ತಾಳ ಕಷ್ಟವೇ ಆಗಲ್ಲ. ಅವರ ಜಿಗ್ ಅನ್ನೋ ಕುಣಿತ ಅಂದರೆ ತಿಶ್ರ, ಮೂರರ ಲೆಕ್ಕ. ಸ್ಲಿಪ್ ಜಿಗ್ ಅಂದರೆ ಒಂಬತ್ತು, ನಮ್ಮ ಸಂಕೀರ್ಣವೇ.

ತಕಿಟ_ಟೀಚರ್:
ಸ್ಲಿಪ್ ಜಿಗ್ ಸಂಕೀರ್ಣ ಅಲ್ಲ ಸಾರ್. ಒಂಬತ್ತು ಎಂದ ಕೂಡಲೇ ಸಂಕೀರ್ಣವಾ? ಅದು ಮೂರರ ಮೂರು ಗುಂಪು: ತಕಿಟ ತಕಿಟ ತಕಿಟ. ಸಂಕೀರ್ಣ ಅಂದರೆ ತಕದಿಮಿ ತಕತಕಿಟ, ನಾಲ್ಕು ಮತ್ತು ಐದು. ನಡಿಗೆಯೇ ಬೇರೆ. ಮಕ್ಕಳಿಗೆ ತಪ್ಪು ಹೇಳಿಕೊಡಬೇಡಿ.

ನಾನು ಭರತನಾಟ್ಯ ಕಲಿಸುವವಳು. ನನ್ನ ಮೂರು ಶಿಷ್ಯೆಯರು ಐರಿಷ್ ಕ್ಲಾಸಿಗೂ ಹೋದರು. ಇಲ್ಲಿ ಅರೆಮಂಡಿ, ಅಲ್ಲಿ ಮಂಡಿ ನೆಟ್ಟಗೆ. ಇಲ್ಲಿ ಇಡೀ ಪಾದ ನೆಲಕ್ಕೆ, ಅಲ್ಲಿ ಹಿಮ್ಮಡಿ ಎತ್ತಿಕೊಂಡೇ ಇರಬೇಕು. ಇಲ್ಲಿ ಕೈಗೇ ಭಾಷೆ, ಅಲ್ಲಿ ಕೈ ಪಕ್ಕೆಗೆ ಅಂಟಿರಬೇಕು. ಒಬ್ಬಳು ರಂಗಪ್ರವೇಶಕ್ಕೆ ಎಂಟು ತಿಂಗಳಿರುವಾಗ ಬಿಟ್ಟು ಹೋದಳು. ಹಾಲ್ ಬುಕ್ ಆಗಿತ್ತು. ನನ್ನ ಮುಂಗಡ ಹಣ ಹೋಯಿತು.

ಮೃದಂಗದಪ್ಪ:
ಒಂಬತ್ತು ಒಂಬತ್ತೇ. ನಾನು 22 ವರ್ಷದಿಂದ ಮೃದಂಗ ಬಾರಿಸುತ್ತಿದ್ದೇನೆ.

ತಕಿಟ_ಟೀಚರ್:
ಅದಕ್ಕೇ ಟೀ ಕೊಟ್ಟು ಕೂರಿಸಿದ್ದು.

ಉಡುಪಿ_ಊಟ:
ಊಟದ ವಿಷಯ ಯಾರೂ ಹೇಳಲಿಲ್ಲ. ಆ 12 ಗಂಟೆ ಏನು ಕೆಲಸ ಅಂತ ಮೊದಲೇ ಬರೆಸಿಕೊಳ್ಳಿ. ನಾನು ಕೇಳಲಿಲ್ಲ. ಮಾರ್ಚ್ ಔತಣಕ್ಕೆ ನನ್ನನ್ನು ಅಡುಗೆಮನೆಗೆ ಹಾಕಿದರು. ಕಾರ್ನ್ಡ್ ಬೀಫ್, ಅಂದರೆ ಉಪ್ಪಿನಲ್ಲಿ ನೆನೆಸಿದ ದನದ ಮಾಂಸ, ಹೋಳು ಮಾಡುವ ಮೇಜು. ಬಾಯಿ ಬಿಡಲು ನಾಚಿಕೆಯಾಗಿ 20 ನಿಮಿಷ ಸುಮ್ನೆ ಎಲೆಕೋಸು ತಿರುವುತ್ತಾ ನಿಂತಿದ್ದೆ. ಕೊನೆಗೆ ಹೇಳಿದಾಗ ಅಲ್ಲಿದ್ದ ಅಜ್ಜಿ "ಅಯ್ಯೋ ಮೊದಲೇ ಹೇಳಬಾರದಾ" ಅಂತ ಸೋಡಾ ಬ್ರೆಡ್ ಕಡೆ ಕಳಿಸಿದರು. ಈಗ ಅದೇ ನನ್ನ ಕೆಲಸ. ಹಿಟ್ಟು, ಮಜ್ಜಿಗೆ, ಸೋಡಾ, ಉಪ್ಪು, ಇಷ್ಟೇ. ಹೆಚ್ಚು ನಾದಬಾರದು. ಮೇಲೆ ಚಾಕುವಿನಿಂದ ಶಿಲುಬೆಯ ಗೆರೆ ಎಳೆದು ಒಲೆಗೆ. ಕಳೆದ ವರ್ಷ 64 ಬ್ರೆಡ್ ಮಾರಿದೆವು. ಒಂದು ಬ್ಯಾಚಿಗೆ ಜೀರಿಗೆ ಹಾಕಿದೆ. ಅದೇ ಮೊದಲು ಖಾಲಿ.

ಇನ್ನೊಂದು. ಭಾನುವಾರದ ಐರಿಷ್ ಉಪಾಹಾರದಲ್ಲಿ 'ಬ್ಲ್ಯಾಕ್ ಪುಡ್ಡಿಂಗ್' ಅಂತ ಕರಿ ಬಿಲ್ಲೆ ಇಟ್ಟಿರುತ್ತಾರೆ. ಪುಡ್ಡಿಂಗ್ ಅಂತ ನಮ್ಮವರು ಎರಡು ತಿಂದರು. ಹಂದಿ ರಕ್ತದ್ದು. ಆಮೇಲೆ ಮೂರು ದಿನ ಮನೆಯಲ್ಲಿ ಮಾತಿಲ್ಲ. ಆಲೂಗಡ್ಡೆ ಹಿಸುಕಿ ಸೊಪ್ಪು ಸೇರಿಸಿದ ಕಾಲ್‌ಕ್ಯಾನನ್ ಇದ್ದರೆ ಅದನ್ನೇ ಬಡಿಸಿಕೊಳ್ಳಿ.

ಬಂಗುಡೆ_ಬಾಯ್:
ಕನ್ನಡದವರು ಅಂದರೆ ಎಲ್ಲರೂ ಎಲೆಕೋಸು ತಿರುವುವವರೇ ಅನ್ನೋ ಥರ ಬರೆಯಬೇಡಿ. ನಾವು ಮಂಗಳೂರಿನವರು, ಆ ಮೇಜಿನ ಹತ್ತಿರ ನಾನೇ ಮೊದಲು ನಿಲ್ಲುತ್ತೇನೆ. ಲೆಂಟ್ (ಈಸ್ಟರ್ ಮುಂಚಿನ ವ್ರತದ ಕಾಲ) ಶುಕ್ರವಾರಗಳ ಫಿಶ್ ಫ್ರೈಗೂ ಹೋಗುತ್ತೇವೆ.

ಉಡುಪಿ_ಊಟ:
ಅವರು ಸಸ್ಯಾಹಾರಿಗಳು ಅಂತ ಪ್ರಶ್ನೆಯಲ್ಲೇ ಇದೆ. ಓದಿ ಬರೆಯಿರಿ.

ಬಂಗುಡೆ_ಬಾಯ್:
ಓದಿದ್ದೇನೆ. "ನಮ್ಮವರು" ಅಂದದ್ದನ್ನೂ ಓದಿದ್ದೇನೆ.

ಉಡುಪಿ_ಊಟ:
ನಮ್ಮವರು ಅಂದರೆ ನನ್ನ ಗಂಡ ಸ್ವಾಮಿ!

ಡಬ್ಲಿನ್_ಧಾರವಾಡ:
ನಗು ಬರುತ್ತಿದೆ. ನಾನು 9 ವರ್ಷದಿಂದ ಡಬ್ಲಿನ್‌ನಲ್ಲಿದ್ದೇನೆ. ಕಾರ್ನ್ಡ್ ಬೀಫ್ ಇಲ್ಲಿ ಹಬ್ಬದ ಅಡುಗೆಯೇ ಅಲ್ಲ, ಎಲೆಕೋಸಿನ ಜೊತೆ ಬೇಕನ್, ಅಂದರೆ ಹಂದಿಮಾಂಸ, ಮಾಡುತ್ತಾರೆ. ಬೀಫ್ ಸೇರಿಸಿದ್ದು ಅಮೆರಿಕಕ್ಕೆ ಹೋದವರು. ಶಿಕಾಗೋ ನದಿಗೆ 1962ರಿಂದ ಹಸಿರು ಬಣ್ಣ ಹಾಕುತ್ತಿರುವುದೂ ನಿಮ್ಮವರೇ. ನನ್ನ ಮಗ ಇಲ್ಲಿ ಶಾಲೆಯಲ್ಲಿ ಐರಿಷ್ ಭಾಷೆ ಕಲಿಯುತ್ತಿದ್ದಾನೆ. ಫೆಬ್ರವರಿ 1ಕ್ಕೆ ಸಂತ ಬ್ರಿಜಿಡ್ ಹಬ್ಬ, ಜೊಂಡಿನಲ್ಲಿ ಶಿಲುಬೆ ಹೆಣೆದು ತರುತ್ತಾನೆ, ನಾವು ಅದನ್ನು ತೋರಣದ ಪಕ್ಕ ಸಿಕ್ಕಿಸುತ್ತೇವೆ. 2023ರಿಂದ ಆ ಹಬ್ಬಕ್ಕೆ ಸರ್ಕಾರಿ ರಜೆಯೂ ಇದೆ. ನಿಮ್ಮ ಕ್ಲಬ್ಬುಗಳಲ್ಲಿ ಇದೆಲ್ಲ ಎಲ್ಲಿದೆ? ಬರೀ ಹಸಿರು ಟೋಪಿ.

ಕೇಲಿ_ಕೋಲಾಟ:
ಧಾರವಾಡದವರೇ, ಕೇಲಿ ಅನ್ನೋ ಹೆಸರಲ್ಲಿ ಮೊದಲ ಕೂಟ ನಡೆದದ್ದು 1897ರಲ್ಲಿ, ಅದೂ ಲಂಡನ್ನಿನಲ್ಲಿ. ಊರು ಬಿಟ್ಟು ಹೋದವರೇ ಕಟ್ಟಿದ್ದು. ಇನ್ನು ಜೊಂಡಿನ ಶಿಲುಬೆ ನಮ್ಮ ಕ್ಲಬ್ಬಿನಲ್ಲೂ ಹೆಣೆಯುತ್ತಾರೆ, ಜೊಂಡು ಸಿಗದಿದ್ದರೆ ಜ್ಯೂಸ್ ಕುಡಿಯುವ ಕಾಗದದ ಕೊಳವೆಯಲ್ಲಿ. ನಗಬೇಡಿ, ನಾವಿಲ್ಲಿ ಪ್ಲಾಸ್ಟಿಕ್ ಬಾಳೆಕಂದು ಕಟ್ಟಲ್ವಾ?

ನಾನು ಹೇಳೋದು ಮಗಳಿಗಿಂತ ಮೊದಲು ಅಪ್ಪ ಅಮ್ಮ ಕೇಲಿಗೆ ಹೋಗಿ. ನಮ್ಮಲ್ಲಿ ಬಾಗಿಲಲ್ಲಿ 8 ಡಾಲರ್. ವಿಗ್ ಇಲ್ಲ, ಜಡ್ಜ್ ಇಲ್ಲ. 'ವಾಲ್ಸ್ ಆಫ್ ಲಿಮೆರಿಕ್' ಹತ್ತು ನಿಮಿಷದಲ್ಲಿ ಬರುತ್ತೆ. ಎದುರು ಬದುರು ಜೋಡಿ, ಕೈ ಹಿಡಿದು ಮುಂದೆ ಬಂದು ಹಿಂದೆ ಸರಿಯೋದು. ಜಾಗ ಬದಲಿಸಿ, ಗಿರಗಿರ ತಿರುಗಿ, ಹೊಸ ಜೋಡಿಯ ಎದುರು ನಿಲ್ಲೋದು. ಕೋಲಾಟದಲ್ಲಿ ಕೋಲು ತೆಗೆದರೆ ಏನೋ ಅದೇ. ಗಂಡ ತೀರಿಕೊಂಡ ಮೇಲೆ ನಾನು ಎರಡು ವರ್ಷ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಪಕ್ಕದ ಮನೆಯವಳು ಎಳೆದುಕೊಂಡು ಹೋದಳು. ಮೊದಲ ದಿನ ತಪ್ಪು ಕಡೆ ತಿರುಗಿ 80 ವರ್ಷದವರೊಬ್ಬರಿಗೆ ಡಿಕ್ಕಿ ಹೊಡೆದೆ. ಅವರು ನನ್ನ ಭುಜ ಹಿಡಿದು ಸರಿ ದಿಕ್ಕಿಗೆ ತಿರುಗಿಸಿ, ಅವರ ಪಾಡಿಗೆ ಮುಂದಿನ ಜೋಡಿಗೆ ಹೋದರು.

ಗಿಲ್ಲಿಅಮ್ಮ:
ಹೌದು ಹೌದು, ಕೇಲಿ ಚೆಂದ. ಕೇಲಿಯಿಂದಲೇ ಎಲ್ಲರೂ ಜಾರೋದು. ಮಾರ್ಚ್ ಬರಲಿ. ನಮಗೆ 10 ದಿನದಲ್ಲಿ 14 ಕಾರ್ಯಕ್ರಮ. ವೃದ್ಧಾಶ್ರಮ, ಶಾಲೆ, ಪಬ್ಬು, ಪರೇಡ್. ಪರೇಡ್ ದಿನ ಮೈನಸ್ 6 ಡಿಗ್ರಿ, ಡಾಂಬರಿನ ಮೇಲೆ ಕುಣಿದು ಹಾರ್ಡ್ ಶೂ ತುದಿ ಒಡೆಯಿತು. ಮತ್ತೆ 165.

ಶಿವಮೊಗ್ಗ_ಸೋಮಾರಿ:
ಯಜಮಾನರಿಗೆ ಒಂದು ಮಾತು. ಮೈಸೂರಿನಲ್ಲಿ ಇಂಗ್ಲಿಷ್ ಕವಿತೆ ಹಿಡಿದುಕೊಂಡು ಬಂದ ಹುಡುಗ ಕುವೆಂಪುಗೆ "ನಿನ್ನ ಭಾಷೆಯಲ್ಲಿ ಬರಿ" ಅಂದದ್ದು ಜೇಮ್ಸ್ ಕಸಿನ್ಸ್. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಐರಿಷ್ ಕವಿ. ಆ ಸಾಲಕ್ಕೆ 60 ಡಾಲರ್ ಬಡ್ಡಿ ಅಂದುಕೊಂಡು ಕಟ್ಟಲಿ.

ಡಬ್ಲಿನ್_ಧಾರವಾಡ:
ಅವರ ಹೆಂಡತಿ ಮಾರ್ಗರೆಟ್ ಕಸಿನ್ಸ್ ಹೆಸರನ್ನೂ ಹೇಳಿ. ಮದನಪಲ್ಲಿಯಲ್ಲಿ 1919ರಲ್ಲಿ ಜನಗಣಮನದ ಸ್ವರ ಬರೆದಿಟ್ಟವರು.

ತಕಿಟ_ಟೀಚರ್:
ಕುವೆಂಪು ಹೆಸರು ಎಳೆದು ತಂದು ಮಕ್ಕಳ ಮಂಡಿ ಹಾಳು ಮಾಡಬೇಡಿ. ಭಾಷೆಯ ಮಾತು ಹೌದಾದರೆ ನಮ್ಮ ನೃತ್ಯವೂ ನಮ್ಮದೇ ಅಲ್ವಾ?

ಶಿವಮೊಗ್ಗ_ಸೋಮಾರಿ:
ಮೇಡಂ, ಮುಂಗಡ ಹಣದ ಸಿಟ್ಟು ಕುವೆಂಪು ಮೇಲೆ ಯಾಕೆ?

ಹೊಸಮನೆ_ಒಹಾಯೊ:
ಎಲ್ಲರಿಗೂ ಥ್ಯಾಂಕ್ಸ್. ಈ ಶನಿವಾರ ರಾತ್ರಿ ಕೇಲಿ ಇದೆ, ನಾವಿಬ್ಬರೂ ಹೋಗುತ್ತೇವೆ. ಮಂಗಳವಾರ ಒಂದು ಪುಕ್ಕಟೆ ಕ್ಲಾಸ್ ಕೊಡುತ್ತಾರಂತೆ. ಶೂ ಮಾತ್ರ ಬೇಕಂತೆ. ಗಿಲ್ಲಿಅಮ್ಮ ಅವರೇ, ನಿಮ್ಮ ಹಳೇ ಗಿಲ್ಲಿಗಳು ಇನ್ನೂ ಇವೆಯಾ?

ಗಿಲ್ಲಿಅಮ್ಮ:
ನಾಲ್ಕು ಜೊತೆ ಇವೆ. ಆಗಲೇ ಹಿಗ್ಗಿವೆ, ಅಳು ಬರಲ್ಲ. ಕಾಲಿನ ಅಳತೆ ಸೆಂಟಿಮೀಟರಿನಲ್ಲಿ ಕಳಿಸಿ. ಅಂಚೆ ಖರ್ಚು 9 ಡಾಲರ್ ನಿಮ್ಮದು. ವಿಗ್ ಬೇಕಾದರೆ ಅದೂ ಇದೆ.