ಐಬಿಎಸ್ ಅಂದರು, ಪಿತ್ತರಸದ ಭೇದಿ ಇರಬಹುದಾ?

ತೋಟದಮನೆ: ವಿರಾಜಪೇಟೆ ಹತ್ತಿರ ನಮ್ಮ ತೋಟ. 3 ವರ್ಷದ ಹಿಂದೆ ಕಲ್ಲಾಗಿದೆ ಅಂತ ಗಾಲ್‌ಬ್ಲಾಡರ್ ತೆಗೆಸಿದೆ. ಅಲ್ಲಿಂದ ಶುರು. ಬೆಳಿಗ್ಗೆ 10 ಗಂಟೆಯೊಳಗೆ ನಾಲ್ಕು ಸಲ ಓಡಬೇಕು. ಕಾಫಿ ಕೊಯ್ಲಿನ ಹೊತ್ತಿನಲ್ಲಿ ತೋಟದಲ್ಲಿ ಆಳುಗಳ ಜೊತೆ ನಿಲ್ಲಲು ಆಗುವುದಿಲ್ಲ. ಕೊಲೊನೋಸ್ಕೋಪಿ ನಾರ್ಮಲ್. ಡಾಕ್ಟರು ಐಬಿಎಸ್ (ಟೆಸ್ಟ್‌ನಲ್ಲಿ ಏನೂ ಕಾಣದ ಕರುಳಿನ ತೊಂದರೆ) ಅಂದರು, ಟೆನ್ಷನ್ ಬಿಡಿ ಅಂದರು. ಇದು ಪಿತ್ತರಸದಿಂದಲೂ ಆಗುತ್ತದಂತೆ, ಹೌದಾ? ಹೇಗೆ ಪತ್ತೆ ಮಾಡುತ್ತಾರೆ?

ಕರಿಮೆಣಸು: ಪಂದಿಕರಿ, ದಿನಕ್ಕೆ ಐದು ಲೋಟ ಕಾಫಿ ಎರಡೂ ಬಿಟ್ಟು ನೋಡಿ ಅಣ್ಣ. ಸುಮ್ನೆ ದೊಡ್ಡ ಹೆಸರಿನ ಕಾಯಿಲೆ ಹುಡುಕಬೇಡಿ.

ತೋಟದಮನೆ: ಅಣ್ಣ ಅಲ್ಲ, ಅಕ್ಕ. ಪಂದಿಕರಿ ಬಿಟ್ಟು ಆರು ತಿಂಗಳಾಯಿತು. ಸ್ವಲ್ಪ ಕಡಿಮೆ ಆಗಿದೆ, ನಿಂತಿಲ್ಲ.

ನರ್ಸ್_ಕುಶಾಲನಗರ: ಹಂದಿಮಾಂಸದ ಕೊಬ್ಬು ಬಿಟ್ಟಾಗ ಕಡಿಮೆ ಆಗಿದ್ದೇ ಒಂದು ಸುಳಿವು ಅಕ್ಕ. ಕೊಬ್ಬು ಅರಗಿಸಲು ಪಿತ್ತರಸ ಬರುತ್ತದೆ. ಅದರ ಆಮ್ಲಗಳಲ್ಲಿ ಸುಮಾರು 95% ಸಣ್ಣ ಕರುಳಿನ ಕೊನೆಯಲ್ಲಿ ವಾಪಸ್ ಹೀರಿಕೊಂಡು ಲಿವರ್‌ಗೆ ಹೋಗಬೇಕು. ಹೋಗದೆ ದೊಡ್ಡ ಕರುಳಿಗೆ ಜಾಸ್ತಿ ಇಳಿದರೆ ಅಲ್ಲಿ ನೀರು ಬಿಡಿಸುತ್ತದೆ, ತಡೆಯಲಾಗದ ಅವಸರ. ಭೇದಿ ಇರುವ ಐಬಿಎಸ್ ಅನ್ನಿಸಿಕೊಂಡವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಇದೇ ಇರುತ್ತದೆ. ಗಾಲ್‌ಬ್ಲಾಡರ್ ತೆಗೆಸಿದವರಲ್ಲಂತೂ ಮೊದಲು ನೆನಪಾಗಬೇಕು. ಸೆಹ್‌ಕ್ಯಾಟ್ ಅಂತ ಸ್ಕ್ಯಾನ್ ಇದೆ. ಸ್ವಲ್ಪ ವಿಕಿರಣ ಸೂಸುವ, ಪಿತ್ತ ಆಮ್ಲದಂಥದ್ದೇ ಒಂದು ಕ್ಯಾಪ್ಸೂಲ್ ನುಂಗಿಸಿ ಅಳೆಯುತ್ತಾರೆ, 7 ದಿನದ ಮೇಲೆ ಮತ್ತೆ ಅಳೆಯುತ್ತಾರೆ. ಮೈಯಲ್ಲಿ ಉಳಿದದ್ದು 15%ಕ್ಕಿಂತ ಕಡಿಮೆ ಇದ್ದರೆ ಪಾಸಿಟಿವ್. 5%ಕ್ಕಿಂತ ಕಡಿಮೆ ಅಂದರೆ ಜೋರಾಗಿದೆ ಅಂತ.

ಮಡಿಕೇರಿ_ಮಂಜು: ಓದಲು ಚೆನ್ನಾಗಿದೆ. ಅಮೆರಿಕದಲ್ಲೇ ಆ ಸ್ಕ್ಯಾನಿಗೆ ಅನುಮತಿ ಇಲ್ಲ, ಅಕ್ಕ ಎಲ್ಲಿಗೆ ಹೋಗಬೇಕು? ಪಿತ್ತ ಆಮ್ಲ ಹಿಡಿದುಕೊಳ್ಳುವ ಕೊಲೆಸ್ಟೈರಮೈನ್ ಪುಡಿ ಕೊಟ್ಟು ನೋಡಲಿ. ನಿಂತರೆ ಅದೇ ಕಾಯಿಲೆ. ಮುಗಿಯಿತು.

ನರ್ಸ್_ಕುಶಾಲನಗರ: ಅಲ್ಲೇ ಎಡವುವುದು. ಆ ಪುಡಿ ಮರಳು ನೀರಿನ ಹಾಗೆ. ಎಷ್ಟೋ ಜನ ನಾಲ್ಕು ದಿನ ಕುಡಿದು ಎಸೆಯುತ್ತಾರೆ. ಆಮೇಲೆ ಚೀಟಿಯಲ್ಲಿ 'ಔಷಧಿಗೆ ಬಗ್ಗಲಿಲ್ಲ, ಐಬಿಎಸ್' ಅಂತ ಉಳಿಯುತ್ತದೆ. ಪುಡಿ ಮಲ ಗಟ್ಟಿ ಮಾಡುತ್ತದೆ, ಹಾಗಾಗಿ ಕಡಿಮೆ ಆದರೂ ಗ್ಯಾರಂಟಿ ಇಲ್ಲ. ಬ್ರಿಟಿಷ್ ಗ್ಯಾಸ್ಟ್ರೋ ಸಂಘದ 2018ರ ಮಾರ್ಗಸೂಚಿಯೂ ಸುಮ್ನೆ ಔಷಧಿ ಕೊಟ್ಟು ನೋಡುವುದಕ್ಕಿಂತ ಟೆಸ್ಟ್ ಮಾಡಿ ಅನ್ನುತ್ತದೆ. ಸ್ಕ್ಯಾನ್ ಸಿಗದಿದ್ದರೆ ಸಿ4 ಅಂತ ರಕ್ತ ಪರೀಕ್ಷೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಕಳೆದುಹೋದದ್ದನ್ನು ತುಂಬಲು ಲಿವರ್ ಎಷ್ಟು ಹೊಸ ಪಿತ್ತ ಆಮ್ಲ ಮಾಡುತ್ತಿದೆ ಅಂತ ತಿಳಿಯುತ್ತದೆ.

ಮಡಿಕೇರಿ_ಮಂಜು: ಸಿ4 ಮಾಡುವ ಲ್ಯಾಬೂ ಬೀದಿಗೊಂದಿಲ್ಲ ಮೇಡಂ. ಟೆಸ್ಟ್ ಸಿಗುವವರೆಗೆ ಓಡುತ್ತಲೇ ಇರಬೇಕಾ? ಡಾಕ್ಟರು ಒಪ್ಪಿದರೆ ಸರಿಯಾದ ಡೋಸ್‌ನಲ್ಲಿ ಕೆಲವು ವಾರ ಬಿಡದೆ ಕುಡಿದು ನೋಡಲಿ, ನಾನು ಹೇಳುವುದು ಅಷ್ಟೇ.

ನರ್ಸ್_ಕುಶಾಲನಗರ: ಡೋಸ್ ಸರಿ ಇದ್ದರೆ ನನ್ನದೂ ಜಗಳ ಇಲ್ಲ. ಅಕ್ಕ, ಬೇರೆ ಮಾತ್ರೆ ಏನಾದರೂ ಇದೆಯಾ?

ತೋಟದಮನೆ: ಥೈರಾಯ್ಡ್‌ದು, ಬೆಳಿಗ್ಗೆ.

ನರ್ಸ್_ಕುಶಾಲನಗರ: ಅಯ್ಯೋ, ಅದನ್ನು ಮೊದಲು ಹೇಳಬೇಕಿತ್ತು. ಪುಡಿ ಅದನ್ನೂ ಹಿಡಿದುಕೊಳ್ಳುತ್ತದೆ. ಎರಡರ ನಡುವೆ ಕನಿಷ್ಠ 4 ಗಂಟೆ ಬಿಡಬೇಕು. ಥೈರಾಯ್ಡ್ ಡೋಸ್ ಜಾಸ್ತಿ ಆದರೂ ಭೇದಿ ಆಗುತ್ತದೆ, ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆ) ನೋಡಿಸಿ. ರಕ್ತ ಹೋಗುವುದು, ತೂಕ ಇಳಿಯುವುದು ಇದ್ದರೆ ಇದ್ಯಾವುದಕ್ಕೂ ಕಾಯಬೇಡಿ.

ತೋಟದಮನೆ: ಅವೆರಡೂ ಇಲ್ಲ. ಗುರುವಾರ ಮೈಸೂರಿಗೆ ಹೋಗುತ್ತೇನೆ. ಸಿ4, ಟಿಎಸ್‌ಎಚ್, ಪುಡಿ ಮೂರನ್ನೂ ಚೀಟಿಯಲ್ಲಿ ಬರೆದಿಟ್ಟೆ. ಗೋಣಿಕೊಪ್ಪದಿಂದ ಹುಣಸೂರು ತನಕ ಎಲ್ಲೆಲ್ಲಿ ಟಾಯ್ಲೆಟ್ ಇದೆ, ಗೊತ್ತಿರುವವರು ಹೇಳಿ.

ಕರಿಮೆಣಸು: ತಿತಿಮತಿಯಲ್ಲೇ ಮುಗಿಸಿಕೊಳ್ಳಿ ಅಕ್ಕ. ಆನೆಚೌಕೂರು ಕಾಡಿನಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ.