ಉಬುಂಟು 20.04ರಿಂದ 22.04ಕ್ಕೆ: ಟರ್ಮಿನಲ್‌ನಲ್ಲೇ ಏರಿಸಬಹುದೇ?

ಶಿರಸಿಯ ಗುಮಾಸ್ತ: ನಮಸ್ಕಾರ. ನನ್ನ ಲ್ಯಾಪ್‌ಟಾಪಿನಲ್ಲಿರುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಉಬುಂಟು 20.04ರ ಸಾಮಾನ್ಯ ಬೆಂಬಲದ ಅವಧಿ 2025ರ ಮೇ ತಿಂಗಳಿಗೇ ಮುಗಿದಿದೆ. ಹಿಂದೆ ಮೂರು ಪಿಪಿಎ (ಉಬುಂಟುವಿನ ಅಧಿಕೃತ ಭಂಡಾರದ ಹೊರಗಿನ ತಂತ್ರಾಂಶ ಭಂಡಾರ) ಸೇರಿಸಿಕೊಂಡಿದ್ದೆ. ಈಗ ಏನನ್ನು ಹಾಕಲು ಹೋದರೂ ಪ್ಯಾಕೇಜುಗಳನ್ನು ಹಾಕಿ ತೆಗೆಯುವ ಆಪ್ಟ್ ‘ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ (ಹಿಡಿದಿಟ್ಟ, ಮುರಿದ ಪ್ಯಾಕೇಜುಗಳು) ಎಂದು ತಕರಾರು ತೆಗೆಯುತ್ತದೆ. ಟರ್ಮಿನಲ್‌ನಿಂದಲೇ (ಆಜ್ಞೆಗಳನ್ನು ಬೆರಳಚ್ಚಿಸುವ ಕಿಟಕಿ) 22.04ಕ್ಕೆ ಏರಿಸಿದವರು ತಮ್ಮ ಅನುಭವ ತಿಳಿಸಬೇಕಾಗಿ ವಿನಂತಿ.

ಕಗಪ ಬೆರಳು: ನಾನು ಕೈಸುಟ್ಟುಕೊಂಡದ್ದು ಏರಿಸುವುದಕ್ಕೂ ಮೊದಲೇ. 20.04ರಲ್ಲಿದ್ದದ್ದು ಪೈಥಾನ್ ಭಾಷೆಯ 3.8, ಮಗನ ಪ್ರಾಜೆಕ್ಟಿಗೆ 3.9 ಬೇಕಿತ್ತು. ಯಾವುದೋ ವಿಡಿಯೊ ನೋಡಿ, ಪೈಥಾನ್3 ಎಂಬ ಹೆಸರನ್ನೇ ಹೊಸದರ ಕಡೆಗೆ ತಿರುಗಿಸಿದೆ. ಮರುದಿನ ಟರ್ಮಿನಲ್ಲಿನ ಚಿಹ್ನೆ ಒತ್ತಿದರೆ ಒಂದು ಗಿರಕಿ ಹೊಡೆದು ಸುಮ್ಮನಾಯಿತು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಗೆ ಹೋಗಿ ಆಪ್ಟ್ ಅಪ್‌ಡೇಟ್ ಕೊಟ್ಟರೆ, ‘ಆಪ್ಟ್_ಪಿಕೆಜಿ’ ಎಂಬ ಮಾಡ್ಯೂಲೇ ಇಲ್ಲ ಎಂಬ ಉತ್ತರ. ಆ ಮಾಡ್ಯೂಲನ್ನು 3.8ಕ್ಕೆಂದೇ ಕಟ್ಟಿರುತ್ತಾರೆ ಎಂದು ಅರ್ಥವಾಗುವಷ್ಟರಲ್ಲಿ ಎರಡು ರಾತ್ರಿ ಕಳೆದಿದ್ದವು. ತಾಳ್ಮೆಗೆಟ್ಟು ‘ಆಪ್ಟ್ ರಿಮೂವ್ ಪೈಥಾನ್3’ ಎಂದು ಕೊಟ್ಟು, ಪಟ್ಟಿಯನ್ನು ಓದದೆ ವೈ ಒತ್ತಿದೆ. ತೆಗೆಯಲಿರುವವುಗಳ ಆ ಪಟ್ಟಿಯಲ್ಲಿ, ಡೆಸ್ಕ್‌ಟಾಪ್ ಪರದೆಯನ್ನೇ ಕೊಡುವ ಉಬುಂಟು-ಡೆಸ್ಕ್‌ಟಾಪ್ ಕೂಡ ಇತ್ತು. ರಿಪೇರಿಯವನು ₹1,200 ಪಡೆದು ಡಿಸ್ಕನ್ನು ಪೂರ್ತಿ ಒರೆಸಿಕೊಟ್ಟ, ಮುಟ್ಟಬೇಡವೆಂದು ಎರಡೆರಡು ಬಾರಿ ಹೇಳಿದ್ದ ನನ್ನ ಕಡತಗಳಿದ್ದ ಹೋಮ್ ವಿಭಾಗವನ್ನೂ ಸೇರಿಸಿ. ಅಚ್ಚಿಗೆ ಸಿದ್ಧವಾಗಿದ್ದ ಸ್ಮರಣ ಸಂಚಿಕೆಯೊಂದು ಅದರೊಂದಿಗೇ ಹೋಯಿತು. ಹೊಸದಾಗಿ ಹಾಕಿಕೊಳ್ಳಿ, ಸ್ವಾಮಿ.

ಡೆಬಿಯನ್ ಹಳಬ: ಪಟ್ಟಿ ಓದದೆ ವೈ ಒತ್ತಿದವರು ಆಪ್ಟನ್ನು ದೂರುವುದು ನ್ಯಾಯವಲ್ಲ. ನಾನು ಎರಡು ಯಂತ್ರಗಳನ್ನು ಆವೃತ್ತಿ ಏರಿಸುವ ಆಜ್ಞೆ ‘ಡು-ರಿಲೀಸ್-ಅಪ್‌ಗ್ರೇಡ್’ನಿಂದಲೇ ಏರಿಸಿದ್ದೇನೆ. ಅದು ಹೊರಗಿನ ಪಿಪಿಎಗಳನ್ನು ನಿಷ್ಕ್ರಿಯಗೊಳಿಸುತ್ತದೆಯೇ ಹೊರತು ಅವುಗಳಿಂದ ಬಂದ ಪ್ಯಾಕೇಜುಗಳನ್ನು ಹಿಂದಕ್ಕೆ ಇಳಿಸುವುದಿಲ್ಲ. ಅದಕ್ಕಾಗಿ ಏರಿಸುವ ಮೊದಲೇ ಪಿಪಿಎ-ಪರ್ಜ್ ಓಡಿಸಬೇಕು. ಮೊದಲ ಯಂತ್ರದಲ್ಲಿ ಮೊಬೈಲಿನ ದಿನದ 1.5 ಜಿಬಿ ಅರ್ಧದಲ್ಲೇ ಮುಗಿಯಿತು. ಇಳಿದಷ್ಟು ಕಡತಗಳು ಆಪ್ಟಿನ ಕ್ಯಾಶ್‌ನಲ್ಲಿ ಉಳಿದಿದ್ದರಿಂದ ಹನ್ನೆರಡು ಹೊಡೆದ ಮೇಲೆ ಮುಂದುವರಿಸಿದೆ. ಎರಡನೆಯದರಲ್ಲಿ 512 ಎಂಬಿಯ ಬೂಟ್ ವಿಭಾಗ ಹಳೆಯ ಕರ್ನೆಲ್‌ಗಳಿಂದ (ವ್ಯವಸ್ಥೆಯ ತಿರುಳು) ತುಂಬಿ, ಯಂತ್ರ ಶುರುವಾಗಲು ಬೇಕಾದ ಇನಿಟ್ರಾಮ್‌ಎಫ್‌ಎಸ್ ಕಡತ ಬರೆಯುವಾಗಲೇ ಜಾಗ ಸಾಲದೆ ಎಲ್ಲವೂ ನಿಂತಿತು. ‘ಯುನೇಮ್ -ಆರ್’ ಕೊಟ್ಟು ಓಡುತ್ತಿರುವ ಕರ್ನೆಲ್ ಯಾವುದೆಂದು ನೋಡಿ, ಅದನ್ನು ಬಿಟ್ಟು ಹಳೆಯ ಎರಡನ್ನು ಆಪ್ಟಿನ ಕೆಳಗೆ ಕೆಲಸ ಮಾಡುವ ಡಿಪಿಕೆಜಿಯಿಂದ ತೆಗೆದು, ಅರ್ಧಕ್ಕೆ ನಿಂತದ್ದನ್ನು ಮುಗಿಸುವ ‘ಡಿಪಿಕೆಜಿ --ಕಾನ್ಫಿಗರ್ -ಎ’ ಓಡಿಸಿದಾಗ ಬೆಳಗಿನ ಜಾವ ನಾಲ್ಕು ಗಂಟೆ. ಆದರೂ ಡಿಸ್ಕ್ ಒರೆಸಲಿಲ್ಲ.

ನಿತ್ಯ ರೋಲಿಂಗ್: ಸದಾ ಹೊಸದಾಗುತ್ತಲೇ ಇರುವ ಆರ್ಚ್ ಲಿನಕ್ಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಹೀಗೆ ತೇರು ಎಳೆಯುವ ಪ್ರಮೇಯವೇ ಇಲ್ಲ. ಎಲ್ಲವನ್ನೂ ಒಟ್ಟಿಗೆ ಹೊಸದಾಗಿಸುವ ‘ಪ್ಯಾಕ್‌ಮ್ಯಾನ್ -ಎಸ್‌ವೈಯು’ ಎಂದರೆ ಮುಗಿಯಿತು.

ಡೆಬಿಯನ್ ಹಳಬ: ಕಳೆದ ವರ್ಷ ತಾವು ಪ್ಯಾಕೇಜುಗಳ ಪಟ್ಟಿಯನ್ನಷ್ಟೇ ಹೊಸದಾಗಿಸುವ ಬರಿಯ ‘-ಎಸ್‌ವೈ’ ಕೊಟ್ಟು ಒಂದೇ ಪ್ಯಾಕೇಜ್ ಹಾಕಿ, ಲೈಬ್ರರಿ ಹೊಸದು, ಉಳಿದದ್ದೆಲ್ಲ ಹಳತು ಎಂದು ಗೋಳಾಡಿದ್ದು ನಮಗೆ ಮರೆತಿಲ್ಲ.

ನಿತ್ಯ ರೋಲಿಂಗ್: ಅದು ನನ್ನ ತಪ್ಪೆಂದು ಅಂದೇ ಒಪ್ಪಿದ್ದೇನೆ, ಭಾಗಶಃ ಅಪ್‌ಗ್ರೇಡಿಗೆ ಬೆಂಬಲವಿಲ್ಲವೆಂದು ಆರ್ಚ್ ವಿಕಿಯಲ್ಲೇ ಬರೆದಿದೆ. ಒಪ್ಪಿದವನನ್ನು ಹಂಗಿಸುವುದು ಯಾವ ಸಭ್ಯತೆ?

ಕಗಪ ಬೆರಳು: ಅವರ ಸಭ್ಯತೆ ನನಗೆ ಆಗಲೇ ಗೊತ್ತಾಗಿದೆ. ಸ್ಮರಣ ಸಂಚಿಕೆ ಹೋದದ್ದು ಅವರದ್ದಲ್ಲವಲ್ಲ.

ಕನ್ನಡ ಮೇಡಂ: ಜಗಳ ಸಾಕು, ನನ್ನ ಕಥೆ ಕೇಳಿ. ಏರಿಸಿದ ಮೇಲೆ ಫೈರ್‌ಫಾಕ್ಸ್ ಬ್ರೌಸರ್ ಸ್ನ್ಯಾಪ್ (ಬೇಕಾದದ್ದನ್ನೆಲ್ಲ ಒಳಗೇ ಇಟ್ಟುಕೊಂಡ ಬೇರೆ ಬಗೆಯ ಪ್ಯಾಕೇಜು) ಆಗಿ ಬದಲಾಗಿ, ಮೊದಲ ಬಾರಿ ತೆರೆಯುವಷ್ಟರಲ್ಲಿ ಹಾಲು ಕಾಯಿಸಿ ಇಳಿಸಬಹುದಿತ್ತು. ಮೊಜಿಲ್ಲಾದ ಆಪ್ಟ್ ಭಂಡಾರವನ್ನು ಸೇರಿಸಿದರೂ ಸ್ನ್ಯಾಪೇ ಮರಳಿ ಬರುತ್ತಿತ್ತು. ಉಬುಂಟುವಿನಲ್ಲಿ ಹೆಸರಿಗಷ್ಟೇ ಇದ್ದು ಸ್ನ್ಯಾಪನ್ನು ತರುವ ಫೈರ್‌ಫಾಕ್ಸ್ ಪ್ಯಾಕೇಜಿನ ಆವೃತ್ತಿಸಂಖ್ಯೆ ‘1:’ ಎಂದು ಆರಂಭವಾಗುವುದರಿಂದ ಆಪ್ಟ್ ಅದನ್ನೇ ಹೊಸದೆಂದು ಬಗೆಯುತ್ತದೆ. ಮೊಜಿಲ್ಲಾದ್ದಕ್ಕೆ 1000ದ ಪಿನ್ ಆದ್ಯತೆ ಕೊಟ್ಟ ಮೇಲೆಯೇ ನೆಮ್ಮದಿ. ಇನ್ನೊಂದು: ಒಳಗೇನೂ ಇಲ್ಲದ ಪ್ಯಾಕೇಜೆಂದು ‘ಫಾಂಟ್ಸ್-ಕೆಎನ್‌ಡಿಎ’ ತೆಗೆದಿದ್ದೆ, ಯಾವುದಕ್ಕೂ ಬೇಡವಾದ ಪ್ಯಾಕೇಜುಗಳನ್ನು ತೆಗೆಯುವ ಮುಂದಿನ ಆಟೋರಿಮೂವ್ ಅದರೊಂದಿಗೆ ಬಂದಿದ್ದ ಗುಬ್ಬಿ, ನವಿಲು ಎರಡು ಫಾಂಟುಗಳನ್ನೂ ಹಾರಿಸಿಬಿಟ್ಟಿತು.

ನಿತ್ಯ ರೋಲಿಂಗ್: ಸ್ನ್ಯಾಪ್ ಎಂಬುದೇ...

ಶಿರಸಿಯ ಗುಮಾಸ್ತ: ಕ್ಷಮಿಸಿ. ಹಿಡಿದಿಟ್ಟ ಪ್ಯಾಕೇಜುಗಳನ್ನು ತೋರಿಸುವ ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಕೊಟ್ಟು ನೋಡಿದೆ, ಒಂದೂ ಹೆಸರು ಬರಲಿಲ್ಲ. ಹಾಗಾದರೆ ಹಿಡಿದಿಟ್ಟವರು ಯಾರು?

ಡೆಬಿಯನ್ ಹಳಬ: ಯಾರೂ ಹಿಡಿದಿಟ್ಟಿಲ್ಲ, ಒಂದು ಪ್ಯಾಕೇಜಿಗೆ ಬೇಕಾದ ಇನ್ನೊಂದರ ಆವೃತ್ತಿ ಹೊಂದದಿದ್ದಾಗಲೂ ಆಪ್ಟ್ ಇದೇ ಮಾತು ಹೇಳುತ್ತದೆ. ತಕರಾರಿನ ಪ್ಯಾಕೇಜಿನ ಹೆಸರಿಗೆ ‘ಆಪ್ಟ್-ಕ್ಯಾಶ್ ಪಾಲಿಸಿ’ ಕೊಟ್ಟು, ಅದು ಯಾವ ಪಿಪಿಎಯಿಂದ ಬಂದಿದೆ ಎಂಬುದನ್ನು ಇಲ್ಲಿ ಹಾಕಿ. ವೈ ಮಾತ್ರ ಒತ್ತಬೇಡಿ.