ಜೇನ್ ಐರ್: ದುಡ್ಡು ಬರದಿದ್ದರೆ ಜೇನ್ ರೋಚೆಸ್ಟರ್ ಹತ್ತಿರ ವಾಪಸ್ ಹೋಗುತ್ತಿದ್ದಳಾ?

ಮಳೆಹನಿ:
ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ ಕಾದಂಬರಿ ನಿನ್ನೆ ರಾತ್ರಿ ಮುಗಿಸಿದೆ. ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿ, ಗುಟ್ಟೆಲ್ಲ ಹೇಳಿಬಿಡುತ್ತೇನೆ. ಮೂರನೇ ಮಹಡಿಯಿಂದ ಕೇಳುವ ಆ ನಗು, ಮನೆಯ ಯಜಮಾನ ರೋಚೆಸ್ಟರ್ ಹಾಸಿಗೆಗೆ ಬಿದ್ದ ಬೆಂಕಿ, ಮದುವೆಯ ಮುಸುಕು ಹರಿದದ್ದು, ಓದುವಾಗ ನಿಜಕ್ಕೂ ಎದೆ ಡವಡವ ಅಂತಿತ್ತು. ಆದರೆ ಒಂದು ವಿಷಯ ಮನಸ್ಸಿಗೆ ಕೂರುತ್ತಿಲ್ಲ. ಜೇನ್‌ಗೆ ವರ್ಷಕ್ಕೆ 30 ಪೌಂಡ್ ಸಂಬಳ, ಅವನ ಮನೆಯಲ್ಲಿ ಮಗುವಿಗೆ ಪಾಠ ಹೇಳುವ ಕೆಲಸ. ಆದರೂ ಒಳಗೆ ನಾವಿಬ್ಬರೂ ಸಮ ಅಂತ ಅವನ ಮುಖಕ್ಕೇ ಹೇಳುತ್ತಾಳೆ. ಹಾಗಿದ್ದ ಮೇಲೆ ಕೊನೆಯಲ್ಲಿ ಚಿಕ್ಕಪ್ಪನ 20,000 ಪೌಂಡ್ ಯಾಕೆ ಬರಬೇಕಿತ್ತು? ದುಡ್ಡಿಲ್ಲದೆ ಆ ಪ್ರೀತಿ ನಿಲ್ಲುತ್ತಿರಲಿಲ್ವಾ?

ಹಳೇಪುಟ:
24ನೇ ಅಧ್ಯಾಯ ಇನ್ನೊಮ್ಮೆ ಓದಿ. ಮದುವೆಗೆ ಮುಂಚೆ ರೋಚೆಸ್ಟರ್ ಅವಳನ್ನು ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗುತ್ತಾನೆ. ಆರು ಉಡುಪು ತೆಗೆದುಕೋ ಅಂತಾನೆ, ಇವಳು ಗೋಗರೆದು ಎರಡಕ್ಕೆ ಇಳಿಸುತ್ತಾಳೆ. ಅವನಿಗೆ ನೇರಳೆ ರೇಷ್ಮೆ, ಗುಲಾಬಿ ಸ್ಯಾಟಿನ್ ಬೇಕು. ಇವಳು ಹಟ ಹಿಡಿದು ಕಪ್ಪು ಸ್ಯಾಟಿನ್, ಬೂದು ರೇಷ್ಮೆ ಆರಿಸುತ್ತಾಳೆ. ಅವನು ಕೊಡಿಸಿದಷ್ಟೂ ಅವಳ ಮುಖ ಅವಮಾನದಿಂದ ಬಿಸಿಯಾಗುತ್ತದೆ. ಗಾಡಿ ಹತ್ತಿ ಕೂತಾಗಲೇ ನನ್ನದು ಅಂತ ಸ್ವಲ್ಪ ದುಡ್ಡಿದ್ದರೆ ಅನ್ನಿಸಿ, ಮಡೀರಾ ದ್ವೀಪದಲ್ಲಿರುವ ಚಿಕ್ಕಪ್ಪನಿಗೆ ಪತ್ರ ಬರೆಯಬೇಕು ಅಂತ ತೀರ್ಮಾನಿಸುತ್ತಾಳೆ. ಆ ಪತ್ರ ತಲುಪುವಾಗ ಹುಚ್ಚಿ ಅಂತ ರೋಚೆಸ್ಟರ್ ಗುಟ್ಟಾಗಿ ಮೂರನೇ ಮಹಡಿಯಲ್ಲಿ ಕೂಡಿಹಾಕಿದ್ದ ಹೆಂಡತಿ ಬರ್ತಾಳ ಸಹೋದರ ಮೇಸನ್ ಅಲ್ಲೇ ಇರುತ್ತಾನೆ! ಮದುವೆ ನಿಂತದ್ದು, ರಹಸ್ಯ ಹೊರಬಿದ್ದದ್ದು ಎಲ್ಲ ಅದರಿಂದಲೇ. ಅಂದರೆ ಅವನ ಹಂಗಿನಲ್ಲಿ ಇರಲ್ಲ ಅನ್ನುವ ಜೇನ್‌ಳ ಆಸೆಯೇ ಆ ಮನೆಯ ಬಾಗಿಲು ತೆರೆಯಿತು. ನನಗೆ ಇಡೀ ಕಾದಂಬರಿಯಲ್ಲಿ ಇಷ್ಟು ಇಷ್ಟವಾದ ಜಾಗ ಬೇರೆ ಇಲ್ಲ.

ಕಿಟಕಿಪಕ್ಕ:
ದುಡ್ಡಿಗೆ ಸಿಕ್ಕಿಬಿದ್ದವಳು ಜೇನ್ ಒಬ್ಬಳೇ ಅಲ್ಲ. ಆಸ್ತಿ ಪೂರ್ತಿ ಅಣ್ಣನಿಗೆ ಇರಲಿ ಅಂತ ರೋಚೆಸ್ಟರ್‌ನ ಅಪ್ಪ ಅವನಿಗೆ ಜಮೈಕಾದ ಬರ್ತಾಳನ್ನು ಕಟ್ಟಿದ್ದು, ಅವಳ ಜೊತೆ ಬರುವ 30,000 ಪೌಂಡ್ ನೋಡಿ. ಆಗಿನ ಇಂಗ್ಲೆಂಡಿನಲ್ಲಿ ಹುಚ್ಚಿನ ಕಾರಣಕ್ಕೆ ವಿಚ್ಛೇದನವೂ ಇರಲಿಲ್ಲ. ಅದು ಸಿಕ್ಕಿದ್ದೇ 1937ರ ಕಾನೂನಿನಲ್ಲಿ. ಹಾಗಂತ ಅವನನ್ನು ನಾನು ಕ್ಷಮಿಸಲ್ಲ. ಬರ್ತಾಗೆ ಒಂದು ಮಾತೂ ಆಡುವ ಅವಕಾಶ ಕೊಡದೆ ಇಡೀ ಕತೆ ಅವನ ಬಾಯಿಂದಲೇ ಬರುತ್ತದಲ್ಲ, ಅದು ನನ್ನನ್ನು ತುಂಬಾ ಕಾಡುತ್ತದೆ.

ಸುಮ್ನೆಓದುವವ:
ಒಂದು ವಿಷಯ. ಪುಸ್ತಕ ಬಂದದ್ದು 1847ರಲ್ಲಿ. ಆಗ ಬೇರೆ ಕರಾರು ಪತ್ರ ಮಾಡಿಸದಿದ್ದರೆ ಮದುವೆಯಾದ ಕೂಡಲೇ ಹೆಂಡತಿಯ ದುಡ್ಡು ಗಂಡನದ್ದು. ಅದು ಪೂರ್ತಿ ಬದಲಾದದ್ದು 1882ರಲ್ಲಿ. ಜೇನ್ ಆ 20,000ವನ್ನು ನಾಲ್ಕು ಪಾಲು ಮಾಡಿ ಮೂರನ್ನು ಚಿಕ್ಕಪ್ಪನ ಇತರ ಸಂಬಂಧಿಕರಿಗೆ ಕೊಟ್ಟು 5,000 ಮಾತ್ರ ಇಟ್ಟುಕೊಳ್ಳುತ್ತಾಳೆ. ಮತ್ತೆ ಅವಳು ರೋಚೆಸ್ಟರ್‌ನನ್ನು ಹುಡುಕಿ ಹೊರಟದ್ದು ದುಡ್ಡು ಬಂದ ಎಷ್ಟೋ ತಿಂಗಳ ನಂತರ, ಅವನ ಹೆಂಡತಿ ಸತ್ತಿದ್ದು ಗೊತ್ತಿಲ್ಲದೆಯೇ. ಲೆಕ್ಕಾಚಾರದವಳು ಹಾಗೆ ಹೋಗುತ್ತಿರಲಿಲ್ಲ.

ಮಳೆಹನಿ:
ಪತ್ರದ ವಿಷಯ ನನಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್ ಹಳೇಪುಟ. ಬೆಳಿಗ್ಗೆ ಕೊನೆಯ ಭಾಗ ಮತ್ತೆ ತೆಗೆದೆ. ಮದುವೆ ನಿಂತ ಮೇಲೆ ರೋಚೆಸ್ಟರ್ ಮನೆ ಬಿಟ್ಟು ಓಡಿದಾಗ ಅವಳು ಇದ್ದ 20 ಷಿಲಿಂಗನ್ನೂ ಗಾಡಿಯವನಿಗೆ ಕೊಟ್ಟು, ತನ್ನ ಗಂಟನ್ನು ಗಾಡಿಯಲ್ಲೇ ಮರೆತು ವಿಟ್‌ಕ್ರಾಸ್ ಅನ್ನುವ ಕೂಡುರಸ್ತೆಯಲ್ಲಿ ಇಳಿದಿದ್ದಳು. ಆಮೇಲೆ ಹಂದಿಗೆ ಹಾಕಬೇಕಿದ್ದ ಗಂಜಿ ಬೇಡಿ ತಿಂದಳು. ಒಂದು ವರ್ಷದ ಮೇಲೆ ಅದೇ ಜಾಗದಲ್ಲಿ ನಿಂತು ಅದೇ ಗಾಡಿಗೆ ಕೈ ತೋರಿಸುತ್ತಾಳೆ. ಈ ಸಲ ಹತ್ತೋದಕ್ಕೆ ಇರುವುದನ್ನೆಲ್ಲ ಕೊಡಬೇಕಿಲ್ಲ.